‘ಸೈಕೋ’ ಎಂದು ಕರೆಯುವ ಮೊದಲು: ಹಾರರ್ ಸಿನಿಮಾದ ಖಳನಿಗೆ ಮರುಗಬೇಕೆ?

‘ಅಂವ ಒಬ್ಬ ಸೈಕೋ ಅದಾನ, ಅವನ ಸುದ್ದಿಗೆ ಹೋಗಬ್ಯಾಡ.’ ಬೆಳಗಾವಿಯ ಕಾಲೇಜು ಕಟ್ಟೆಯಲ್ಲಿ, ಬಾಗಲಕೋಟೆ ನವನಗರದ ಚಹಾದಂಗಡಿಯಲ್ಲಿ, ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಈ ಮಾತು ಈಗ ಸಲೀಸಾಗಿ ಕೇಳಿಬರುತ್ತದೆ. ಟಿವಿಯ ಕೆಳಪಟ್ಟಿಯಲ್ಲಿ ಹೆಂಡತಿಯನ್ನು ಹೊಡೆದವನು ‘ಸೈಕೋ ಗಂಡ’, ಹುಡುಗಿಯ ಬೆನ್ನು ಬಿದ್ದವನು ‘ಸೈಕೋ ಪ್ರೇಮಿ’, ಒಂದಕ್ಕಿಂತ ಹೆಚ್ಚು ಜನರನ್ನು ಕೊಂದವನು ‘ಸೈಕೋ ಕಿಲ್ಲರ್’. ವೈದ್ಯರು ನೋಡುವ ಮೊದಲೇ ಹೆಸರು ಅಂಟಿರುತ್ತದೆ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತೆಗೆದ ಒಂದು ಕಪ್ಪುಬಿಳುಪು ಚಿತ್ರದ ಹೆಸರು ಅರವತ್ತು ವರ್ಷ ದಾಟಿ ನಮ್ಮೂರಿನ ಬೈಗುಳವಾಗಿ ನಿಂತಿದೆ.

ಇದೇ ಹೊತ್ತಿನಲ್ಲಿ ಇದರ ತದ್ವಿರುದ್ಧವೂ ನಡೆದಿದೆ. ಖಳ ಹೀಗೇಕಾದ ಎಂದು ಹೇಳುವ ಚಿತ್ರಗಳು ಒಂದರ ಹಿಂದೊಂದು ಬರುತ್ತಿವೆ. 1978ರ ‘ಹ್ಯಾಲೋವೀನ್’ನಲ್ಲಿ ಹಿನ್ನೆಲೆಯೇ ಇಲ್ಲದ ಕೊಲೆಗಾರನಿಗೆ 2007ರ ಮರುಚಿತ್ರ ಒಂದು ಹಾಳಾದ ಬಾಲ್ಯ ಕೊಟ್ಟಿತು. 2019ರಲ್ಲಿ ‘ಜೋಕರ್’ ಬಂತು. 2025ರ ಅಕ್ಟೋಬರ್‌ನಲ್ಲಿ ಎಡ್ ಗೀನ್ ಎಂಬ ನಿಜವಾದ ಕೊಲೆಗಾರನ ಮೇಲೆ ಇಡೀ ಸರಣಿಯೇ ಬಂತು. ಇಂಥವುಗಳ ಅರ್ಧ ನಿಮಿಷದ ತುಣುಕು ಮೊಬೈಲಿನಲ್ಲಿ ಓಡುತ್ತದೆ, ಹಿಂದೆ ಅಬ್ಬರದ ಸಂಗೀತ. ನೋಡಿದವರು ಎರಡು ಪಂಗಡ. ‘ಪಾಪ, ಅವನ ಬಾಳೇವು ಹಂಗಿತ್ತು’ ಎನ್ನುವವರು ಒಂದು ಕಡೆ. ‘ಕೊಂದಾವಗ ಎಂಥಾ ಪಾಪ?’ ಎನ್ನುವವರು ಇನ್ನೊಂದು ಕಡೆ.

ಈ ಜಗಳ ಬಗೆಹರಿಯದಿರಲು ಕಾರಣ, ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದು. ಮರುಕ ಒಂದು. ಕ್ಷಮೆ ಇನ್ನೊಂದು. ಹೊಣೆಯಿಂದ ಬಿಡುಗಡೆ ಮೂರನೆಯದು. ಮರುಕ ನೋಡುಗನ ಎದೆಯಲ್ಲಿ ಹುಟ್ಟುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕ್ಷಮಿಸುವ ಹಕ್ಕು ಪೆಟ್ಟು ತಿಂದವರದು, ನೋಡುಗನದಲ್ಲ. ಹೊಣೆ ಎಷ್ಟು ಎಂದು ಅಳೆಯುವುದು ನ್ಯಾಯಾಲಯ, ಅದೂ ಸಾಕ್ಷ್ಯದ ಮೇಲೆ. ಇವನ್ನು ಬಿಡಿಸಿಟ್ಟರೆ ನಮ್ಮ ಉತ್ತರ ನೇರ: ಮನಸ್ಸು ಕೆಟ್ಟ ಖಳನಿಗೆ ಮರುಗಬೇಕು. ಆದರೆ ಆ ಮರುಕ ಅವನೊಳಗಿನ ಮನುಷ್ಯನನ್ನು ಕಂಡು ಬರಬೇಕು, ಕಾಯಿಲೆಯ ಹೆಸರು ಕೇಳಿ ಬರಬಾರದು. ಸತ್ತವರ ಮುಖ ಅಳಿಸಿ ಕೊಂಡುಕೊಂಡ ಮರುಕವೂ ಆಗಬಾರದು.

ಮರುಕ ಹುಟ್ಟಿಸುವ ಕೈಕೆಲಸ

ಹಿಚ್‌ಕಾಕನ ‘ಸೈಕೋ’ದಲ್ಲಿ ಒಂದು ಕಾರು ಕೆಸರಿನಲ್ಲಿ ಮುಳುಗುವ ದೃಶ್ಯವಿದೆ. ರಸ್ತೆ ಬದಿಯ ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್ ಎಂಬ ಯುವಕ, ಸ್ನಾನದ ಮನೆಯಲ್ಲಿ ಕೊಲೆಯಾದ ಮೇರಿಯನ್ ಎಂಬ ಹೆಣ್ಣಿನ ಶವವನ್ನು ಅವಳದೇ ಕಾರಿನ ಡಿಕ್ಕಿಯಲ್ಲಿಟ್ಟು ಜೌಗಿಗೆ ತಳ್ಳುತ್ತಾನೆ. ಕಾರು ಅರ್ಧ ಮುಳುಗಿ ಗಕ್ಕನೆ ನಿಲ್ಲುತ್ತದೆ. ನಾರ್ಮನ್ ಅತ್ತಿತ್ತ ನೋಡುತ್ತಾನೆ. ಆ ಕೆಲವು ಕ್ಷಣ ನೋಡುಗನ ಉಸಿರೂ ನಿಲ್ಲುತ್ತದೆ, ‘ಮುಳುಗಲಿ’ ಎಂದು ಮನಸ್ಸು ಬಯಸುತ್ತದೆ. ಯಾರ ಜೊತೆ ಮುಕ್ಕಾಲು ಗಂಟೆ ಪಯಣಿಸಿದ್ದೆವೋ ಅವಳ ಹೆಣ ಅದರೊಳಗಿದೆ ಎಂಬುದೂ ಆ ಕ್ಷಣಕ್ಕೆ ಮರೆಯುತ್ತದೆ.

ಇದು ತಾನಾಗಿ ಆದದ್ದಲ್ಲ, ಬಿಡಿಬಿಡಿಯಾಗಿ ಜೋಡಿಸಿದ್ದು. ಮೂಲ ಕಾದಂಬರಿಯ ನಾರ್ಮನ್ ದಪ್ಪ ಮೈಯ, ಕುಡಿತದ ಚಟವಿದ್ದ ನಡುವಯಸ್ಸಿನವ. ಚಿತ್ರಕ್ಕೆ ಆರಿಸಿದ್ದು ಆಂಥನಿ ಪರ್ಕಿನ್ಸ್ ಎಂಬ ತೆಳ್ಳಗಿನ, ಸಂಕೋಚದ ಹುಡುಗನ ಮುಖವನ್ನು. ಅರ್ಧ ಮರುಕ ಅಲ್ಲಿಯೇ ಗಳಿಕೆಯಾಯಿತು. ಕೊಲೆಗೆ ಮುಂಚೆ ಅವನು ಅವಳಿಗೆ ಹಾಲು, ಸ್ಯಾಂಡ್‌ವಿಚ್ ತಂದು ಕೊಡುತ್ತಾನೆ. ತಾಯಿಯ ಬೈಗುಳ ಮನೆಯೊಳಗಿಂದ ಕೇಳುತ್ತದೆ, ಅವನು ನಾಚುತ್ತಾನೆ. ಕೊಲೆಯಾದ ಮೇಲೆ ಹಲವು ನಿಮಿಷ ಮಾತೇ ಇಲ್ಲ: ಒರೆಸುವುದು, ತೊಳೆಯುವುದು, ಸುತ್ತುವುದು, ಹೊರುವುದು. ಒಬ್ಬ ಮನುಷ್ಯ ಶ್ರದ್ಧೆಯಿಂದ ಕೆಲಸ ಮಾಡುವುದನ್ನು ಅಷ್ಟು ಹೊತ್ತು ಹತ್ತಿರದಿಂದ ನೋಡಿದರೆ ಆ ಕೆಲಸ ಕೆಡಬಾರದು ಎಂದು ನಮಗೂ ಅನ್ನಿಸತೊಡಗುತ್ತದೆ. ಮತ್ತು, ಇದೇ ಮುಖ್ಯ, ಕೊಂದವನು ಅವನೇ ಎಂಬುದು ನಮಗಿನ್ನೂ ತಿಳಿದಿಲ್ಲ.

ಅದೇ ವರ್ಷ, ಎರಡು ತಿಂಗಳು ಮೊದಲು, ಬ್ರಿಟನ್ನಿನಲ್ಲಿ ಮೈಕೆಲ್ ಪವೆಲ್ ‘ಪೀಪಿಂಗ್ ಟಾಮ್’ ತೆಗೆದಿದ್ದರು. ಅದರಲ್ಲೂ ಮನಸ್ಸು ಕೆಟ್ಟ ಸಂಕೋಚದ ಯುವಕ. ಭಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ತಂದೆ ಮಗನನ್ನೇ ಪ್ರಯೋಗದ ಇಲಿ ಮಾಡಿಕೊಂಡು, ಮಲಗಿದ ಮಗುವಿನ ಹಾಸಿಗೆಯ ಮೇಲೆ ಹಲ್ಲಿ ಬಿಟ್ಟು, ಅದರ ಅಳುವನ್ನು ಚಿತ್ರೀಕರಿಸಿದ್ದ. ಬೆಳೆದ ಮಗ ಹೆಣ್ಣುಮಕ್ಕಳ ಸಾವಿನ ಭಯವನ್ನು ಚಿತ್ರೀಕರಿಸುತ್ತಾನೆ. ನಾರ್ಮನ್‌ನದಕ್ಕಿಂತ ಈ ಕಥೆಯಲ್ಲಿ ಮರುಗಲು ಹೆಚ್ಚು ಕಾರಣವಿದೆ. ಆದರೂ ವಿಮರ್ಶಕರು ಚಿತ್ರವನ್ನು ಹರಿದು ಹಾಕಿದರು, ಪವೆಲ್ ಅವರ ವೃತ್ತಿಗೇ ಪೆಟ್ಟು ಬಿತ್ತು. ವ್ಯತ್ಯಾಸ ಇದ್ದದ್ದು ಕ್ರಮದಲ್ಲಿ. ಪವೆಲ್ ಮೊದಲ ದೃಶ್ಯದಲ್ಲೇ ‘ಇವನೇ ಕೊಲೆಗಾರ’ ಎಂದು ತೋರಿಸಿ ಆಮೇಲೆ ಮರುಗಿ ಎಂದರು. ಹಿಚ್‌ಕಾಕ್ ಮೊದಲು ಮರುಗಿಸಿ, ಕೊನೆಗೆ ಕೊಲೆಗಾರನನ್ನು ತೋರಿಸಿದರು. ಪವೆಲ್ ಅವರದು ಹೆಚ್ಚು ಪ್ರಾಮಾಣಿಕ ದಾರಿ ಎಂಬುದು ನಮ್ಮ ಅಭಿಪ್ರಾಯ. ಅವರು ನೋಡುಗನಿಂದ ಏನನ್ನೂ ಬಚ್ಚಿಡಲಿಲ್ಲ, ಪೂರ್ತಿ ತಿಳಿದ ಮೇಲೂ ಮರುಗುತ್ತೀರಾ ಎಂದು ಕೇಳಿದರು.

ಕತ್ತರಿಯ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ 1931ರ ‘ಫ್ರಾಂಕೆನ್‌ಸ್ಟೈನ್’. ಬೋರಿಸ್ ಕಾರ್ಲಾಫ್ ಮಾಡಿದ ಪ್ರಾಣಿಯಂಥ ಮನುಷ್ಯ ಕೊಳದ ದಂಡೆಯಲ್ಲಿ ಒಂದು ಪುಟ್ಟ ಹುಡುಗಿಯ ಜೊತೆ ಆಡುತ್ತಾನೆ. ಇಬ್ಬರೂ ಹೂವನ್ನು ನೀರಿಗೆ ಎಸೆಯುತ್ತಾರೆ, ಹೂ ತೇಲುತ್ತದೆ. ಹೂ ಮುಗಿದಾಗ ಅವನು ಮಗುವನ್ನೇ ಎತ್ತಿ ನೀರಿಗೆ ಹಾಕುತ್ತಾನೆ, ಅದೂ ತೇಲುತ್ತದೆಂದು. ಮುಳುಗಿದಾಗ ಗಾಬರಿಬಿದ್ದು ಓಡುತ್ತಾನೆ. ಕ್ರೂರವಾಯಿತೆಂದು ಸೆನ್ಸಾರಿನವರು ಈ ಭಾಗವನ್ನು ಕತ್ತರಿಸಿದರು. ದಶಕಗಳ ಕಾಲ ಜನ ನೋಡಿದ್ದು ಅವನು ಮಗುವಿನ ಕಡೆ ಕೈ ಚಾಚುವವರೆಗೆ ಮಾತ್ರ, ಮುಂದಿನ ದೃಶ್ಯದಲ್ಲಿ ತಂದೆ ಮಗುವಿನ ಹೆಣ ಹೊತ್ತು ಊರೊಳಗೆ ಬರುತ್ತಾನೆ. ನಡುವೆ ಏನಾಯಿತೆಂದು ಊಹಿಸಿದವರು ಮುಳುಗಿದ್ದಕ್ಕಿಂತ ಹೇಯವಾದದ್ದನ್ನೇ ಊಹಿಸಿದರು. ತುಣುಕು ಮರಳಿ ಸೇರಿದ್ದು 1980ರ ದಶಕದಲ್ಲಿ. ಅದೇ ನಟ, ಅದೇ ಮಗು, ಅದೇ ಸಾವು. ಕೆಲವೇ ಸೆಕೆಂಡುಗಳ ಫಿಲ್ಮು ಹೋದಾಗ ಅವನು ರಾಕ್ಷಸ, ಬಂದಾಗ ತಿಳಿಗೇಡಿ ಜೀವ. ಇವತ್ತು ಮೊಬೈಲಿನ ತುಣುಕುಗಳಲ್ಲಿ ನಡೆಯುತ್ತಿರುವುದು ಇದೇ ಕತ್ತರಿ, ಎರಡೂ ದಿಕ್ಕಿನಲ್ಲಿ. ಕೊಲೆಯ ಮುಂಚಿನ ನಗುವನ್ನಷ್ಟೇ ತೋರಿಸಿದರೆ ರಾಕ್ಷಸ, ಬಾಲ್ಯದ ಪೆಟ್ಟನ್ನಷ್ಟೇ ತೋರಿಸಿದರೆ ನಾಯಕ. ತುಣುಕು ನೋಡಿ ತೀರ್ಪು ಕೊಡುವವರು ಕತ್ತರಿ ಹಿಡಿದವನ ತೀರ್ಪನ್ನೇ ಒಪ್ಪಿಸುತ್ತಿರುತ್ತಾರೆ.

ಮುಖವಾಡದ ಮಾತೂ ಇದೆ. ‘ಹ್ಯಾಲೋವೀನ್’ ಮೊದಲ ಚಿತ್ರದಲ್ಲಿ ಕೊಲೆಗಾರನ ಕಣ್ಣಿನಿಂದಲೇ ಒಂದು ಕೊಲೆ ನೋಡುತ್ತೇವೆ, ಆಮೇಲೆ ಮುಖವಾಡ ತೆಗೆದಾಗ ಕಾಣುವುದು ಆರು ವರ್ಷದ ಹುಡುಗನ ಮುಖ. ಅಷ್ಟೇ. ಮುಂದೆ ದೊಡ್ಡವನಾದ ಅವನ ಮುಖ, ಕೊನೆಗೊಮ್ಮೆ ಕ್ಷಣಮಾತ್ರ ಕಾಣುವುದನ್ನು ಬಿಟ್ಟರೆ, ಬಿಳಿ ಮುಖವಾಡದ ಹಿಂದೆಯೇ ಉಳಿಯುತ್ತದೆ, ಅವನನ್ನು ನೋಡಿಕೊಂಡ ಮನೋವೈದ್ಯನೇ ಅವನನ್ನು ಕೇಡಿನ ಮೂರ್ತಿ ಎಂದು ಕರೆದು ಕೈಬಿಡುತ್ತಾನೆ. ಹೆದರಿಸಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ರೋಗಿಯನ್ನು ‘ಕೇಡು’ ಎನ್ನುವ ವೈದ್ಯ ಎಷ್ಟು ಅಪಾಯದ ಮಾದರಿ ಎಂಬುದನ್ನು ನೆನಪಿಡಬೇಕು.

ರನ್ನ, ಸಂಗ್ಯಾ, ಸಾಠ್ ಕಬರ್

ಖಳನಿಗೆ ಮರುಗುವುದು ಪಶ್ಚಿಮದಿಂದ ಬಂದ ಹೊಸ ರೋಗ ಎಂದು ಹೇಳುವವರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳವೇ ಉತ್ತರ. ಆ ಊರಿನ ರನ್ನ ಹತ್ತನೇ ಶತಮಾನದಲ್ಲಿ ಬರೆದ ‘ಗದಾಯುದ್ಧ’ದಲ್ಲಿ ನಾಯಕ ಭೀಮ. ಓದುಗರ ಎದೆಯಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಹೆಣಗಳ ನಡುವೆ ಕಾಲಿಡುತ್ತ ದ್ರೋಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಮಗ ಲಕ್ಷಣನಿಗಾಗಿ, ಕರ್ಣನಿಗಾಗಿ ಅವನು ಅಳುವ ಆ ಭಾಗ ಕನ್ನಡದಲ್ಲಿ ‘ದುರಂತ ನಾಯಕ’ನ ಚರ್ಚೆಯನ್ನೇ ಹುಟ್ಟಿಸಿತು. ಶತ್ರುಪಕ್ಷದ ಹುಡುಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ಕೈಮುಗಿಯುತ್ತಾನೆ. ಆದರೆ ರನ್ನ ಮಾಡದೇ ಬಿಟ್ಟ ಒಂದು ಕೆಲಸವಿದೆ: ತೊಡೆ ಮುರಿಯುವುದನ್ನು ಅವನು ತಪ್ಪಿಸಲಿಲ್ಲ. ದ್ರೌಪದಿಯನ್ನೂ ಅವಳ ಅವಮಾನವನ್ನೂ ಕಾವ್ಯದ ಆರಂಭದಲ್ಲೇ ತಂದು ನಿಲ್ಲಿಸಿದ. ಆ ಕಣ್ಣೀರಿನ ನಡುವೆಯೂ ಓದುಗನಿಗೆ ಲೆಕ್ಕ ತಪ್ಪುವುದಿಲ್ಲ.

ಬೈಲಹೊಂಗಲ ಸೀಮೆಯ ಸಣ್ಣಾಟ ‘ಸಂಗ್ಯಾ-ಬಾಳ್ಯಾ’ ನೋಡುವವರೂ ಇದನ್ನೇ ಮಾಡುತ್ತಾರೆ. ಸಂಗ್ಯಾ ಪರರ ಹೆಂಡತಿ ಗಂಗಾಳ ಮೇಲೆ ಮನಸ್ಸಿಟ್ಟವ, ತಪ್ಪು ಅವನದೇ. ಜೀವದ ಗೆಳೆಯ ಬಾಳ್ಯಾನೇ ಕೈಕೊಟ್ಟು ಅವನು ಕೊಲೆಯಾಗುವಾಗ ಕಣ್ಣು ಒರೆಸಿಕೊಳ್ಳದವರು ಕಡಿಮೆ. ಹಾಗಂತ ಆಟ ಮುಗಿಸಿ ಮನೆಗೆ ಹೋಗುವಾಗ ‘ಅಂವ ಮಾಡಿದ್ದು ಬರೋಬ್ಬರಿ’ ಎಂದು ಯಾರೂ ಹೇಳುವುದಿಲ್ಲ. ನಮ್ಮ ಸೀಮೆಯ ನೋಡುಗನಿಗೆ ಅಳುವುದೂ ತೂಗುವುದೂ ಒಟ್ಟಿಗೆ ಬರುತ್ತವೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇಲ್ಲೇ ಇದೆ. ವಿಜಯಪುರದ ಹೊರಗೆ ಸಾಠ್ ಕಬರ್ ಎಂಬಲ್ಲಿ ಅರವತ್ತಕ್ಕೂ ಹೆಚ್ಚು ಒಂದೇ ತೆರನ ಕಪ್ಪು ಗೋರಿಗಳು ಸಾಲಾಗಿವೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲಖಾನ, ತಾನು ಮರಳಿ ಬರುವುದಿಲ್ಲವೆಂಬ ಜ್ಯೋತಿಷಿಯ ಮಾತು ನಂಬಿ ತನ್ನ ಹೆಂಡಂದಿರನ್ನೆಲ್ಲ ಕೊಲ್ಲಿಸಿದ ಎಂಬುದು ಐತಿಹ್ಯ. ದೆವ್ವದ ವಿಡಿಯೊ ಮಾಡುವವರಿಗೆ ಅದು ಮೆಚ್ಚಿನ ಜಾಗ. ಆ ಕಥೆ ಹೇಳುವವರೆಲ್ಲ ಖಾನನ ಭಯ, ಖಾನನ ಸಂಶಯ, ಖಾನನ ಮನಸ್ಸನ್ನೇ ಬಿಡಿಸಿ ಹೇಳುತ್ತಾರೆ. ಆ ಹೆಣ್ಣುಮಕ್ಕಳ ಒಂದು ಹೆಸರೂ ಯಾರ ಬಾಯಲ್ಲೂ ಇಲ್ಲ. ಹಾರರ್ ಚಿತ್ರಗಳ ದೊಡ್ಡ ಕೊರತೆ ಇದೇ.

ಎಡ್ ಗೀನ್ ವಿಷಯದಲ್ಲೂ ಹಾಗೆಯೇ ಆಯಿತು. 1957ರ ನವೆಂಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ಲೇನ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಸಿಕ್ಕಿಬಿದ್ದ ಆತನ ಸುತ್ತ, ಆತನ ತಾಯಿಯ ಸುತ್ತ ಎಷ್ಟೋ ಪುಸ್ತಕ, ಎಷ್ಟೋ ಚಿತ್ರ. ಆತನ ಕೈಯಿಂದ ಸತ್ತ ಇಬ್ಬರಲ್ಲಿ ಒಬ್ಬಾಕೆ ಊರಿನ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದಳು, ಇನ್ನೊಬ್ಬಾಕೆ ಮದ್ಯದಂಗಡಿ. ತಮ್ಮ ಕಾಲ ಮೇಲೆ ತಾವು ನಿಂತ ಈ ಇಬ್ಬರ ಬದುಕು ಯಾರಿಗೂ ಕಥೆಯಾಗಿ ಕಾಣಲಿಲ್ಲ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

‘ಹುಚ್ಚನೆಂದು ಸಾಬೀತಾದರೆ ಬಿಟ್ಟುಬಿಡುತ್ತಾರೆ’ ಎಂಬ ನಂಬಿಕೆ ಚಿತ್ರಗಳಿಂದಲೇ ಬಂದದ್ದು, ಅದು ಮೂರು ಕಡೆ ತಪ್ಪು.

ಮೊದಲನೆಯದಾಗಿ, ಕಾಯಿಲೆ ಇದ್ದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು (ಹಿಂದಿನ ದಂಡ ಸಂಹಿತೆಯ 84) ಕೇಳುವುದು ಇಷ್ಟನ್ನು: ಆ ಕೃತ್ಯ ಮಾಡುವ ಹೊತ್ತಿನಲ್ಲಿ, ಮನಸ್ಸಿನ ಅಸ್ವಸ್ಥತೆಯಿಂದಾಗಿ, ತಾನೇನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದಾಗಲಿ ತಿಳಿಯುವ ಶಕ್ತಿ ಅವನಿಗಿರಲಿಲ್ಲವೇ? ಈ ಗೆರೆಯ ಮೂಲ 1843ರ ಇಂಗ್ಲೆಂಡಿನಲ್ಲಿದೆ. ಆಡಳಿತ ಪಕ್ಷದವರು ತನ್ನನ್ನು ಬೆನ್ನಟ್ಟಿದ್ದಾರೆಂಬ ಭ್ರಮೆಯಲ್ಲಿದ್ದ ಡೇನಿಯಲ್ ಮೆಕ್‌ನಾಟನ್, ಪ್ರಧಾನಿ ರಾಬರ್ಟ್ ಪೀಲ್ ಎಂದುಕೊಂಡು ಅವರ ಕಾರ್ಯದರ್ಶಿಗೆ ಗುಂಡು ಹಾರಿಸಿದ. ಅವನ ಖುಲಾಸೆಗೆ ಎದ್ದ ಗದ್ದಲದಿಂದ ಈ ನಿಯಮ ಹುಟ್ಟಿತು. ಎರಡನೆಯದಾಗಿ, ಸಾಬೀತು ಮಾಡುವ ಭಾರ ಆರೋಪಿಯ ಮೇಲಿದೆ. ಸುಪ್ರೀಂ ಕೋರ್ಟು 1964ರ ದಹ್ಯಾಭಾಯಿ ಪ್ರಕರಣದಲ್ಲಿ ಹೇಳಿದಂತೆ ಅದು ಸಿವಿಲ್ ದಾವೆಯಷ್ಟೇ ಭಾರ, ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಕೃತ್ಯದ ಮುಂಚೆ, ಆ ಹೊತ್ತಿಗೆ, ಆಮೇಲೆ ಅವನ ನಡೆ ಹೇಗಿತ್ತು ಎಂಬುದನ್ನು ನೋಡಬೇಕು. ಮೂರನೆಯದಾಗಿ, ಈ ಕಾರಣಕ್ಕೆ ಖುಲಾಸೆಯಾದರೂ ಕೃತ್ಯ ಮಾಡಿದ್ದು ಅವನೇ ಹೌದೋ ಅಲ್ಲವೋ ಎಂದು ತೀರ್ಪಿನಲ್ಲಿ ಬರೆಯಬೇಕು, ಅವನನ್ನು ಸುರಕ್ಷಿತ ನಿಗಾದಲ್ಲಿ ಇರಿಸಬೇಕು ಅಥವಾ ಜಾಮೀನು ಪಡೆದು ಸಂಬಂಧಿಕರ ವಶಕ್ಕೆ ಒಪ್ಪಿಸಬೇಕು.

ನಾರ್ಮನ್ ಬೇಟ್ಸ್‌ನನ್ನು ಈ ಅಳತೆಯಲ್ಲಿಟ್ಟು ನೋಡಿದರೆ ಅವನ ಕಥೆ ಮೂರು ತುಂಡಾಗುತ್ತದೆ. ಹತ್ತು ವರ್ಷದ ಹಿಂದೆ ತಾಯಿಗೂ ಅವಳ ಪ್ರಿಯಕರನಿಗೂ ವಿಷವಿಕ್ಕಿ, ತಾಯಿಯೇ ಅವನನ್ನು ಕೊಂದು ತಾನೂ ಸತ್ತಳೆಂದು ಊರನ್ನು ನಂಬಿಸಿದ್ದಾನೆ. ಅಷ್ಟು ಯೋಚಿಸಿ ಮುಚ್ಚಿಟ್ಟವನಿಗೆ ತಪ್ಪಿನ ಅರಿವಿರಲಿಲ್ಲ ಎಂದು ವಾದಿಸುವುದು ಕಷ್ಟ. ಮೇರಿಯನ್ ಕೊಲೆಯ ಹೊತ್ತಿಗೆ ತಾನೇ ತಾಯಿ ಎಂದು ನಂಬಿದ್ದನೆಂದು ಚಿತ್ರದ ಮನೋವೈದ್ಯ ಹೇಳುತ್ತಾನೆ. ಇಲ್ಲಿ ವಾದಕ್ಕೆ ಎಡೆಯಿದೆ. ರಕ್ತ ಒರೆಸಿ ಕಾರು ಮುಳುಗಿಸಿದವನು ಮಾತ್ರ ಎಚ್ಚರದಲ್ಲಿದ್ದ ನಾರ್ಮನ್, ‘ತಾಯಿ’ಯನ್ನು ಉಳಿಸಲು. ಅದು ಸಾಕ್ಷ್ಯನಾಶ, ಅದೇ ನ್ಯಾಯ ಸಂಹಿತೆಯ 238ನೇ ಕಲಮು. ಮೂರೂ ಕಡೆ ನಮ್ಮ ಮರುಕ ಒಂದೇ ಸಮನಾಗಿರಬಹುದು, ಹೊಣೆ ಮೂರು ಕಡೆಯೂ ಬೇರೆ ಬೇರೆ. ನಿಜವಾದ ಗೀನ್‌ನನ್ನು ಕೂಡ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲವೆಂದು ಮೊದಲು ಆಸ್ಪತ್ರೆಗೆ ಕಳಿಸಿದರು, ವಿಚಾರಣೆ ನಡೆದದ್ದು 1968ರಲ್ಲಿ. ಮನೆಗೆ ಹೋಗಲಿಲ್ಲ, 1984ರಲ್ಲಿ ಮಾನಸಿಕ ಆಸ್ಪತ್ರೆಯಲ್ಲೇ ತೀರಿಕೊಂಡ.

ಈ ವಾದವನ್ನೆಲ್ಲ ಒಂದೇ ದೃಶ್ಯದಲ್ಲಿ ಹಿಡಿದ ಚಿತ್ರ 1931ರ ಜರ್ಮನ್ ‘ಎಂ’. ಫ್ರಿಟ್ಜ್ ಲಾಂಗ್ ನಿರ್ದೇಶನ, ಪೀಟರ್ ಲೋರೆ ಅಭಿನಯ. ಮಕ್ಕಳನ್ನು ಕೊಲ್ಲುವವನನ್ನು ಪೊಲೀಸರಿಗಿಂತ ಮೊದಲು ಊರಿನ ಕಳ್ಳರೇ ಹಿಡಿದು ನೆಲಮಾಳಿಗೆಯಲ್ಲಿ ವಿಚಾರಣೆ ಹೂಡುತ್ತಾರೆ. ಅವನು ಮಂಡಿಯೂರಿ, ನೀವು ಬೇಕೆಂದು ಕಳ್ಳರಾದಿರಿ, ನನಗೆ ಮಾತ್ರ ಇದನ್ನು ತಡೆಯಲಾಗದು ಎಂದು ಚೀರುತ್ತಾನೆ. ಕಳ್ಳರ ನಡುವಿನಿಂದಲೇ ಅವನ ಪರವಾಗಿ ನಿಂತವನೊಬ್ಬ, ಇವನನ್ನು ಕೊಲ್ಲಬೇಡಿ, ವೈದ್ಯರಿಗೆ ಒಪ್ಪಿಸಿ ಎನ್ನುತ್ತಾನೆ. ನೋಡುವಾಗ ಮೈ ನಡುಗುತ್ತದೆ, ಮರುಕವೂ ಬರುತ್ತದೆ. ಆದರೆ ಲಾಂಗ್ ಮೊದಲೇ ಇನ್ನೊಂದನ್ನು ಮಾಡಿಟ್ಟಿದ್ದಾರೆ. ಕೊಲೆಯನ್ನು ಅವರು ತೋರಿಸುವುದೇ ಇಲ್ಲ. ತಾಯಿ ಊಟಕ್ಕೆ ತಟ್ಟೆ ಇಟ್ಟು ಮಗಳ ದಾರಿ ಕಾಯುತ್ತಾಳೆ. ಒಂದು ಚೆಂಡು ಹುಲ್ಲಿನ ಮೇಲೆ ಉರುಳಿ ಬಂದು ನಿಲ್ಲುತ್ತದೆ. ಒಂದು ಬಲೂನು ತಂತಿಗೆ ಸಿಕ್ಕಿ ಒದ್ದಾಡುತ್ತದೆ. ಆ ಖಾಲಿ ತಟ್ಟೆ ಕಣ್ಣ ಮುಂದೆ ಇರುವುದರಿಂದ ಲೋರೆಗೆ ಸುರಿಸುವ ಕಣ್ಣೀರು ಅಗ್ಗವಾಗುವುದಿಲ್ಲ.

ಕಾಯಿಲೆಯ ಬಗ್ಗೆ ಚಿತ್ರಗಳು ತಪ್ಪುವುದೆಲ್ಲಿ

ಸ್ಕಿಜೋಫ್ರೇನಿಯಾ ಎಂದರೆ ‘ಒಬ್ಬನಲ್ಲಿ ಇಬ್ಬರು’ ಎಂಬುದು ಎಲ್ಲಕ್ಕಿಂತ ಹರಡಿದ ತಪ್ಪು. ಒಬ್ಬರಲ್ಲಿ ಹಲವು ವ್ಯಕ್ತಿತ್ವ ಕಾಣುವುದು ಬೇರೆಯೇ ಕಾಯಿಲೆ, ಅಪರೂಪದ್ದು. ಬಹಳ ಸಲ ಬಾಲ್ಯದ ತೀವ್ರ ಹಿಂಸೆಗೆ ಅಂಟಿಕೊಂಡದ್ದು. ಅಂಥವರು ಬೇರೆಯವರಿಗಿಂತ ತಮಗೇ ಗಾಯ ಮಾಡಿಕೊಳ್ಳುವ ಅಪಾಯ ಹೆಚ್ಚು. 2016ರ ‘ಸ್ಪ್ಲಿಟ್’ ಚಿತ್ರ 23 ವ್ಯಕ್ತಿತ್ವಗಳ ಮೇಲೆ ಇಪ್ಪತ್ನಾಲ್ಕನೆಯದಾಗಿ ಒಂದು ಮೃಗವನ್ನೇ ಸೇರಿಸಿತು. ಪ್ರೇಕ್ಷಕ ಆ ಬಾಲ್ಯಕ್ಕೆ ಮರುಗಿದ, ಕಾಯಿಲೆಗೆ ಹೆದರಿದ. ಮನೆಗೆ ಹೊತ್ತು ಹೋದದ್ದು ಹೆದರಿಕೆಯನ್ನು.

ಸ್ಕಿಜೋಫ್ರೇನಿಯಾದಲ್ಲಿ ಕೇಳುವ ದನಿಯನ್ನು ತಿಳಿಯಲು ವಿಜಯಪುರದವರಿಗೆ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಸಾಕು. ಸುಮಾರು 37 ಮೀಟರ್ ಆಚೆಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಈಚೆ ಕಿವಿಯ ಪಕ್ಕದಲ್ಲೇ ಅಂದಂತೆ ಕೇಳುತ್ತದೆ. ದನಿ ಹೊರಗಿನಿಂದ ಬಂತು ಎಂಬುದರಲ್ಲಿ ಕೇಳಿದವನಿಗೆ ಅನುಮಾನವೇ ಇರುವುದಿಲ್ಲ. ರೋಗಿಗೂ ಅಷ್ಟೇ ನಿಚ್ಚಳವಾಗಿ ಕೇಳುತ್ತದೆ, ಆಚೆ ಬದಿಯಲ್ಲಿ ಮಾತಾಡುವವರು ಮಾತ್ರ ಇಲ್ಲ. ‘ಯಾರೂ ಇಲ್ಲ, ಸುಮ್ನಿರು’ ಎಂದು ಗದರಿಸಿದರೆ ಅವನು ಒಪ್ಪದಿರುವುದು ಹಟದಿಂದಲ್ಲ.

ಹಿಂಸೆಯ ಮಾತಿಗೆ ಬಂದರೆ, 1998ರಲ್ಲಿ ಪ್ರಕಟವಾದ ಅಮೆರಿಕದ ಮ್ಯಾಕ್‌ಆರ್ಥರ್ ಅಧ್ಯಯನ ಆಸ್ಪತ್ರೆಯಿಂದ ಮನೆಗೆ ಮರಳಿದ ಮನೋರೋಗಿಗಳನ್ನೂ ಅವರ ನೆರೆಹೊರೆಯವರನ್ನೂ ಹೋಲಿಸಿತು. ಕುಡಿತ, ಮಾದಕವಸ್ತುಗಳ ಚಟವಿಲ್ಲದ ರೋಗಿಗಳು ಅಂಥದೇ ನೆರೆಯವರಿಗಿಂತ ಹೆಚ್ಚು ಹಿಂಸೆಗಿಳಿಯಲಿಲ್ಲ. ಚಟ ಸೇರಿದಾಗ ಎರಡೂ ಕಡೆ ಹಿಂಸೆ ಏರಿತು. ಅಪಾಯವೇ ಇಲ್ಲ ಎಂದು ಇದರರ್ಥವಲ್ಲ. ಚಿಕಿತ್ಸೆಯಿಲ್ಲದೆ ಸಂಶಯದ ಭ್ರಮೆ ಬಲಿತು, ಮೇಲೆ ಕುಡಿತವೂ ಸೇರಿದರೆ ಅಪಾಯವಿದೆ, ಅದೂ ಹೆಚ್ಚಾಗಿ ಮನೆಯವರಿಗೆ. ಚಿತ್ರ ತೋರಿಸುವ ಅಪರಿಚಿತನ ಕೈಯ ಚೂರಿಗೂ ಇದಕ್ಕೂ ಸಂಬಂಧ ಕಡಿಮೆ.

ಕರೆಂಟ್ ಶಾಕ್ ಚಿಕಿತ್ಸೆಯನ್ನು ಚಿತ್ರಗಳು ಚಿತ್ರಹಿಂಸೆಯಾಗಿಯೇ ತೋರಿಸುತ್ತ ಬಂದಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಅದನ್ನು ಕೊಡುವಂತೆಯೇ ಇಲ್ಲ. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನೂ ಅದೇ ಕಲಮು ನಿಷೇಧಿಸಿದೆ. 24ನೇ ಕಲಮು ಇನ್ನೂ ಒಂದು ಹೇಳುತ್ತದೆ: ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು.

ಕನ್ನಡ ಪ್ರೇಕ್ಷಕ ಮನಸ್ಸು ಕೆಟ್ಟವರಿಗೆ ಪೂರ್ತಿಯಾಗಿ ಮರುಗಿದ ಚಿತ್ರ 2004ರ ‘ಆಪ್ತಮಿತ್ರ’. ಸೌಂದರ್ಯ ಮಾಡಿದ ಗಂಗಾ ತಾನು ನಾಗವಲ್ಲಿ ಎಂದು ನಂಬಿ ಅಬ್ಬರಿಸುವಾಗ ಥಿಯೇಟರು ಹೆದರಿತು, ಆದರೆ ಅವಳು ಸಾಯಲಿ ಎಂದು ಯಾರೂ ಬಯಸಲಿಲ್ಲ. ಹೊಡೆದು ಬಡಿದು ದೆವ್ವ ಬಿಡಿಸುವ ಬದಲು ಮನೋವೈದ್ಯನೊಬ್ಬ ಅವಳ ಹಳೆಯ ಗಾಯವನ್ನು ಹುಡುಕುತ್ತಾನೆ. ಚಿಕಿತ್ಸೆಯ ಕೊನೆಯ ಭಾಗ ಶುದ್ಧ ನಾಟಕ, ಯಾವ ಆಸ್ಪತ್ರೆಯಲ್ಲೂ ಹಾಗೆ ನಡೆಯದು. ಆದರೂ ‘ಇವಳು ರೋಗಿ, ಇವಳನ್ನು ಉಳಿಸಬೇಕು’ ಎಂಬ ಮಾತನ್ನು ಅದು ಮನೆಮನೆಗೆ ಮುಟ್ಟಿಸಿತು. ಅದಕ್ಕಿಂತ ಮೂವತ್ತು ವರ್ಷ ಮೊದಲೇ ‘ಶರಪಂಜರ’ ಇನ್ನೂ ಕಹಿಯಾದುದನ್ನು ಹೇಳಿತ್ತು: ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನವರು ಹುಚ್ಚಿಯೆಂದೇ ನೋಡುತ್ತ ಹೋಗುತ್ತಾರೆ, ಕೊನೆಗೆ ಅವಳು ಮತ್ತೆ ಕುಸಿಯುತ್ತಾಳೆ. ಅದರಲ್ಲಿ ದೆವ್ವವಿಲ್ಲ, ಚೂರಿಯಿಲ್ಲ. ನೆರೆಹೊರೆಯವರ ನೋಟವೇ ಸಾಕಾಗುತ್ತದೆ.

ಆ ನೋಟದ ಬೆಲೆ ಇಂದಿಗೂ ತೆರುತ್ತಿದ್ದೇವೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಊರಿಗೆ ಗೊತ್ತಾದರೆ ‘ಸೈಕೋ’ ಎನ್ನುತ್ತಾರೆ, ತಂಗಿಯ ಮದುವೆ ನಿಲ್ಲುತ್ತದೆ ಎಂದು ಮುಚ್ಚಿಡುತ್ತಾರೆ. ‘ಗಾಳಿ ಆಗೈತಿ’, ‘ಯಾರೋ ಮಾಡಿಸ್ಯಾರ’ ಎನ್ನುತ್ತ ತಿಂಗಳುಗಳು ಉರುಳುತ್ತವೆ. ಗುರುತಿಸಬೇಕಾದ ಲಕ್ಷಣಗಳು ಚಿತ್ರದಲ್ಲಿ ಕಾಣುವಂಥವಲ್ಲ: ವಾರಗಟ್ಟಲೆ ನಿದ್ದೆ ಇಲ್ಲ, ಜಳಕ ಬಿಟ್ಟ, ಕೆಲಸಕ್ಕೆ ಹೋಗುವುದು ಬಿಟ್ಟ, ಊಟದಲ್ಲಿ ವಿಷ ಹಾಕಿದ್ದಾರೆಂಬ ಸಂಶಯ, ಒಬ್ಬನೇ ಮಾತಾಡುವುದು. ಇಂಥವು ಕಂಡರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಗೂ ಬರುತ್ತದೆ, ಯಾವ ವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಗುಳಿಗೆಯ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು. ಹೆಚ್ಚಿನವರು ತಪ್ಪುವುದು ಆಮೇಲೆ: ಆರಾಮಾದ ಎಂದು ತಾವೇ ನಿಲ್ಲಿಸುತ್ತಾರೆ, ಕಾಯಿಲೆ ಮರಳುತ್ತದೆ. ಮೊದಲ ಸಲದ ಕಾಯಿಲೆಗೂ ವೈದ್ಯರು ಸಾಮಾನ್ಯವಾಗಿ ವರ್ಷಕ್ಕೂ ಮೀರಿ ಔಷಧಿ ಮುಂದುವರಿಸುತ್ತಾರೆ. ಗುಡಿಗೋ ದರ್ಗಾಕ್ಕೋ ನಡೆದುಕೊಳ್ಳುವವರು ನಡೆದುಕೊಳ್ಳಲಿ, ಗುಳಿಗೆ ಮಾತ್ರ ತಪ್ಪಬಾರದು.

ಇಲ್ಲಿ ಕಿರುಚಿತ್ರ ತೆಗೆಯುವವರಿಗೆ

ಹಳೆಯ ವಾಡೆ, ಕೋಟೆಯ ಗೋಡೆ, ಕಬ್ಬಿನ ಗದ್ದೆ: ನಮ್ಮ ಮೂರು ಜಿಲ್ಲೆಗಳಲ್ಲಿ ಹಾರರ್‌ಗೆ ಬೇಕಾದ ಜಾಗ ಬೇಕಾದಷ್ಟಿದೆ, ಮೊಬೈಲಿನಲ್ಲೇ ಚಿತ್ರ ಮಾಡುವ ಹುಡುಗ ಹುಡುಗಿಯರೂ ಇದ್ದಾರೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ, ಅಂಗವೈಕಲ್ಯವನ್ನು ತೆರೆಯ ಮೇಲೆ ತೋರಿಸುವವರು ಹೀಗಳೆಯುವ ಪದ ಬಿಡಬೇಕು, ವೈದ್ಯಕೀಯ ಸ್ಥಿತಿಯನ್ನು ಆದಷ್ಟು ಸರಿಯಾಗಿ ತೋರಿಸಬೇಕು ಎಂದಿತು. ಕಾನೂನಿನ ಪ್ರಕಾರ ಮನೋರೋಗವೂ ಅಂಗವೈಕಲ್ಯದ ಪಟ್ಟಿಯಲ್ಲಿದೆ.

ಹದಿನೈದು ನಿಮಿಷದ ಚಿತ್ರಕ್ಕೆ ಸುಮಾರು ಹದಿನೈದು ಪುಟದ ಚಿತ್ರಕಥೆ ಬೇಕು. ಅದರಲ್ಲಿ ಎರಡು ಪುಟ ಸಾಯುವವರಿಗೆ ಮೀಸಲಿಡಿ, ಖಳನ ನೆರಳೂ ಬೀಳದ ಎರಡು ಪುಟ: ಅವಳು ರೊಟ್ಟಿ ಬಡಿಯಲಿ, ತಮ್ಮನ ಜೊತೆ ಜಗಳವಾಡಲಿ, ಅವಳಿಗೊಂದು ಹೆಸರಿರಲಿ. ಖಳನ ಬಾಲ್ಯವನ್ನು ಕ್ಲೈಮ್ಯಾಕ್ಸಿಗೆ ಒಂದು ನಿಮಿಷ ಮೊದಲು ತುರುಕಬೇಡಿ. ಅಲ್ಲಿಟ್ಟರೆ ಭಯ ಆರುತ್ತದೆ, ಮರುಕವೂ ಹುಟ್ಟುವುದಿಲ್ಲ, ನೋಡುಗನಿಗೆ ಅದು ರಿಯಾಯಿತಿ ಕೇಳಿದಂತೆ ಕಾಣುತ್ತದೆ. ಮೂರನೆಯ ಪುಟದಲ್ಲೇ ಒಂದು ಅಭ್ಯಾಸವಾಗಿ ತನ್ನಿ: ಬಾಗಿಲು ಮೂರು ಸಲ ಎಳೆದು ನೋಡುವುದು, ಬೆಳಕು ಆರಿಸದೆ ಮಲಗುವುದು. ಕಾಯಿಲೆಯ ಹೆಸರು ಹೇಳುವುದಾದರೆ ಚಿತ್ರಕಥೆಯನ್ನು ಒಬ್ಬ ಮನೋವೈದ್ಯರಿಗೆ ಓದಲು ಕೊಡಿ. ಕೊಡಲಾಗದಿದ್ದರೆ ಹೆಸರು ಹೇಳಲೇಬೇಡಿ, ಕಥೆಗೇನೂ ಕೊರತೆಯಾಗದು. ಮುಖವಾಡವಿದ್ದರೆ ಒಮ್ಮೆಯಾದರೂ ತೆಗೆಯಿರಿ. ಕೊಲೆಯ ಹಿಂದೆ ನಾಯಕನ ಪ್ರವೇಶದ ಸಂಗೀತ ಹಾಕಬೇಡಿ. ತುಣುಕು ಕತ್ತರಿಸುವವರು ಮೊದಲು ಎತ್ತಿಕೊಳ್ಳುವುದು ಅದನ್ನೇ.

ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಹಾಕಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಎರಡು ಸೆಕೆಂಡಿಗೆ ಮಾಯವಾಗುವಂತೆ ಹಾಕಬೇಡಿ. ದೊಡ್ಡ ಅಕ್ಷರದಲ್ಲಿ, ಸಂಗೀತ ನಿಲ್ಲಿಸಿ, ಎಂಟು ಸೆಕೆಂಡು ಇಡಿ. ಪೆನ್ನು ಹುಡುಕಿ ಬರೆದುಕೊಳ್ಳಲು ಅಷ್ಟು ಹೊತ್ತು ಬೇಕು.